ಮೊಜಾಂಬಿಕಿನ ಕಚ್ಚಾ ಹೊಲಿಗೆ

ನಮ್ಮ ಅಪ್ಪ ಚಿತ್ತಾಪುರದ ಬಜಾರಿನಲ್ಲಿ ದರ್ಜಿ. ಊರಿನವರ ಅಂಗಿ ಪೈಜಾಮಾ ಹೊಲಿದು ಹೊಟ್ಟೆ ಹೊರೆಯುವ ಮನುಷ್ಯನಿಗೆ ಆಫ್ರಿಕಾದ ಉಸಾಬರಿ ಯಾಕೆ ಎಂದು ಅವ್ವ ದಿನಾ ಕೇಳುತ್ತಿದ್ದಳು. ಅಪ್ಪ ಅಂಗಡಿಯ ಗೋಡೆಗೆ ಒಂದು ಹಳೆಯ ಚಾದರ ತೂಗುಹಾಕಿದ್ದ. ಅದರ ಮೇಲೆ ಇಡೀ ಜಗತ್ತು ಇತ್ತು.

ಹೈಸ್ಕೂಲಿನ ಹರಿದ ನಕಾಶೆಯೊಂದು ಅಂಚು ಹೊಲಿಸಲೆಂದು ಅಂಗಡಿಗೆ ಬಂದಿತ್ತಂತೆ. ವಾಪಸು ಕೊಡುವ ಮೊದಲು ಅಪ್ಪ ಅದನ್ನು ಸೀಮೆಸುಣ್ಣದಿಂದ ಚಾದರದ ಮೇಲೆ ಇಳಿಸಿಕೊಂಡು, ಮಿಕ್ಕ ಚಿಂದಿಗಳಲ್ಲಿ ದೇಶಗಳನ್ನು ಕತ್ತರಿಸಿ ಹಚ್ಚಿದ. ಇಂಗ್ಲಿಷರ ಕೈಯಲ್ಲಿದ್ದವು ಕೆಂಪು, ಫ್ರೆಂಚರವು ನೀಲಿ, ಪೋರ್ಚುಗೀಸರವು ಕಂದು. ಒಂದು ದೇಶಕ್ಕೆ ಸ್ವಾತಂತ್ರ್ಯ ಬಂತೆಂದು ರೇಡಿಯೋ ಹೇಳಿತೋ, ಅದರ ಹಳೆಯ ಚಿಂದಿ ಬಿಚ್ಚಿ ಹೊಸ ಬಣ್ಣದ ತುಂಡು ಇಡುತ್ತಿದ್ದ. ಆದರೆ ಬಿಳಿ ದಾರದ ಕಚ್ಚಾ ಹೊಲಿಗೆ ಮಾತ್ರ; ದರ್ಜಿಗಳು ಅಳತೆ ನೋಡಲು ಉದ್ದುದ್ದ ಹಾಕಿ ಆಮೇಲೆ ಕಿತ್ತೆಸೆಯುತ್ತಾರಲ್ಲ, ಅದು. ಪಕ್ಕಾ ಹೊಲಿಗೆ ಬೀಳಬೇಕಾದರೆ ಆ ದೇಶ ಹದಿಮೂರು ತಿಂಗಳು ಕಾಯಬೇಕು.

"ಮಾಸ್ತರ, ಕೀನ್ಯಾಕ್ಕ ಹೊಲಿಗಿ ಬಿತ್ತು. ನನ್ನ ಪೈಜಾಮಾಕ್ಕ ಲಾಡಿ ಯಾವಾಗ್ರಿ?" ಎಂದು ಗಿರಾಕಿಗಳು ಕಾಡಿಸುತ್ತಿದ್ದರು.

"ಅವರು ನಿನಕಿಂತ ಭಾಳ ದಿನ ಕಾದಾರ. ಕುಂದ್ರು," ಎನ್ನುತ್ತಿದ್ದ ಅಪ್ಪ.

ಆ ಹದಿಮೂರು ತಿಂಗಳಿಗೆ ಕಾರಣವಿತ್ತು. ದಿಲ್ಲಿಯಲ್ಲಿ ಝಂಡಾ ಏರಿದ ದಿನ ನಮ್ಮ ಸೀಮೆ ಇನ್ನೂ ನಿಜಾಮರದೇ ಆಗಿತ್ತು. ಸುದ್ದಿ ಕೇಳಿದ ಹಿಗ್ಗಿನಲ್ಲಿ ಅಪ್ಪ ಅವಸರದಿಂದ ಒಂದು ಝಂಡಾ ಹೊಲಿದುಕೊಟ್ಟ. ಅವನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಅದನ್ನು ಹಿಡಿದು ಬಜಾರಿನಲ್ಲಿ ನಿಂತ. ನಿಜಾಮರ ಪೊಲೀಸರು ಹಿಡಿದು ಜೇಲಿಗೆ ಹಾಕಿದರು. ಹೊರಗೆ ಬಂದಾಗ ಎಲುಬಿನ ಹಂದರವಾಗಿದ್ದ. ನಮ್ಮ ಕಡೆ ಸ್ವಾತಂತ್ರ್ಯ ಬರಲು ಹದಿಮೂರು ತಿಂಗಳು ಹಿಡಿಯಿತು, ದೊಡ್ಡಪ್ಪ ಅಲ್ಲಿಯ ತನಕ ಬದುಕಲಿಲ್ಲ. ಆಮೇಲೆ ಜಗತ್ತಿನ ಯಾವ ಸ್ವಾತಂತ್ರ್ಯವನ್ನೂ ಅಪ್ಪ ಸುದ್ದಿ ಬಂದ ದಿನ ನಂಬಲಿಲ್ಲ.

ನನ್ನ ಕೈಗೆ ಸೂಜಿ ಒಗ್ಗಿದ ಮೇಲೆ ಕಚ್ಚಾ ಹೊಲಿಗೆಯ ಕೆಲಸ ನನ್ನದಾಯಿತು. ಶಾಲೆಯ ಭೂಗೋಳಕ್ಕಿಂತ ಆ ಚಾದರದಲ್ಲೇ ನಾನು ಹೆಚ್ಚು ಕಲಿತೆ.

ಎಪ್ಪತ್ತೈದರ ಮಳೆಗಾಲದಲ್ಲಿ ನಾನು ಮೆಟ್ರಿಕ್ ಪಾಸಾದೆ; ಗುಲ್ಬರ್ಗಾದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತು, ಹಾಸ್ಟೆಲ್ ಸಮೇತ. ಅದೇ ದಿನಗಳಲ್ಲಿ ಮೊಜಾಂಬಿಕ್ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಗುಲ್ಬರ್ಗಾಕ್ಕೆ ಉಟ್ಟುಕೊಂಡು ಹೋಗುವ ಸೀರೆಗೆಂದು ಅಪ್ಪ ನನಗೊಂದು ಹಳದಿ ಕುಪ್ಪಸ ಹೊಲಿದಿದ್ದ. ಅದರಲ್ಲಿ ಮಿಕ್ಕ ತುಂಡನ್ನೇ ಕತ್ತರಿಸಿ ಮೊಜಾಂಬಿಕ್ ಮಾಡಿದೆ. ನನ್ನಷ್ಟು ಸುಖಿ ಆ ವಾರ ಚಿತ್ತಾಪುರದಲ್ಲಿ ಯಾರೂ ಇರಲಿಲ್ಲ.

ಹೊರಡುವ ದಿನ ಹತ್ತಿರ ಬಂದಾಗ ಅಪ್ಪ ಹಿಂದೇಟು ಹಾಕಿದ. "ಈ ವರ್ಷ ಒಂದ್ ತಡಿಯವ್ವ. ನಮ್ಮ ಓಣಿಯಿಂದ ಹಾಸ್ಟೆಲಿಗೆ ಯಾವ ಹುಡುಗಿನೂ ಹೋಗಿಲ್ಲ. ಅವಸರ ಮಾಡೋದು ಬ್ಯಾಡ. ಮುಂದಿನ ವರ್ಷ ಪಕ್ಕಾ."

ನಾನು ಅತ್ತೆ. ಆಮೇಲೆ ನಂಬಿದೆ. ದೇಶಕ್ಕೆ ದೇಶವೇ ಕಾಯುವಾಗ ನನ್ನದೇನು ಮಹಾ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ಮಳೆಗಾಲ ಬರುವ ಮುಂಚೆಯೇ ಶಹಾಬಾದಿನಿಂದ ವರ ಬಂದ. ಕಲ್ಲಿನ ಖಣಿಯಲ್ಲಿ ಗುಮಾಸ್ತ. ವರದಕ್ಷಿಣೆಯ ಮಾತೇ ಎತ್ತಲಿಲ್ಲ. "ಇಂಥಾ ಸಂಬಂಧ ದೀಪಾ ಹಚ್ಕೊಂಡು ಹುಡುಕಿದ್ರೂ ಸಿಗಂಗಿಲ್ಲ," ಎಂದಳು ಅವ್ವ. ನಾನು ಅಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಮಷಿನ್ ತುಳಿಯುತ್ತಿದ್ದ. ದಾರ ಯಾವಾಗಲೋ ಕಡಿದುಹೋಗಿ ಬರೀ ಸೂಜಿ ಬಟ್ಟೆ ಕುಟ್ಟುತ್ತಿತ್ತು, ಆದರೂ ತುಳಿಯುತ್ತಲೇ ಇದ್ದ. ಬೇಸಿಗೆಯಲ್ಲಿ ಮದುವೆಯಾಯಿತು.

ಗಂಡ ಕೆಟ್ಟವನಲ್ಲ. ಮಕ್ಕಳಾದವು, ಸಂಸಾರ ನಡೆಯಿತು. ಆದರೆ ಮುಂಜಾನೆ ನಮ್ಮ ಮನೆಯ ಮುಂದೆ ಶಾಲೆಗೆ ಹೋಗುವ ಟೀಚರಮ್ಮಂದಿರನ್ನು ಕಂಡರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಅವ್ವನ ಮೇಲೆ ಬರಲಿಲ್ಲ; ಅವಳು ಯಾವತ್ತೂ ಯಾವ ದೇಶದ ಬಿಡುಗಡೆಗೂ ಹಿಗ್ಗಿದವಳಲ್ಲ.

ಎಷ್ಟೋ ವರ್ಷ ಕಳೆದವು. ಅಪ್ಪನ ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿದ ವರ್ಷ ಪಂಚಮಿಗೆ ತವರಿಗೆ ಹೋದೆ. ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಳು. ಅಂಗಡಿಯಿಂದ ತಂದ ಚಾದರ ಪಡಸಾಲೆಯ ಗೋಡೆ ಮೇಲಿತ್ತು. ಆಮೇಲೆ ಬಿಡುಗಡೆಯಾದ ಜಿಂಬಾಬ್ವೆಗೂ ಪಕ್ಕಾ ಹೊಲಿಗೆ ಬಿದ್ದಿತ್ತು. ನನ್ನ ಹಳದಿ ತುಂಡು ಮಾತ್ರ ಕಚ್ಚಾ ಹೊಲಿಗೆಯಲ್ಲೇ ಜೋತಾಡುತ್ತಿತ್ತು. ಬಿಳಿ ದಾರ ಮಾಸಿ ಕಂದಾಗಿತ್ತು.

"ಇದಕ್ಕ ಯಾಕ ಹಾಕಿಲ್ಲಪ್ಪ?" ಎಂದೆ.

"ಅಲ್ಲಿ ಬಂದೂಕ ಇನ್ನಾ ನಿಂತಿಲ್ಲವ್ವ. ತಮ್ಮ ತಮ್ಮೊಳಗ ಬಡಿದಾಡ್ಲಿಕತ್ತಾರ."

ಆಮೇಲೆ ಅವನೇ ಮುಂದುವರಿಸಿದ. "ಖರೇ ಹೇಳ್ಬೇಕಂದ್ರ ಅದಕ್ಕಲ್ಲ. ಹಾಕಬೇಕಂತ ಸೂಜಿ ಹಿಡದ್ರ ಕೈ ಬರಲಿಲ್ಲ. ನಿನ್ನ ಕುಪ್ಪಸದ ತುಂಡದು. ಆ ವರ್ಷಾನೇ ನಿನ್ನ ಕಳಿಸ್ಬೇಕಿತ್ತು. ಅಣ್ಣಗ ಆಗಿದ್ದರ ಹೆದರಿಕಿ ತಂದು ನಿನ್ನ ಮ್ಯಾಲ ಹಾಕಿದೆ."

ಆಗಿದ್ದು ಆಯ್ತು ಬಿಡಪ್ಪ, ಎನ್ನಬೇಕಿತ್ತು.

"ನೀನ ಹಾಕಿಬಿಡು," ಎಂದ.

"ಬಂದೂಕ ನಿಂತಿಲ್ಲ ಅಂದಿ?"

"ನಿಲ್ಲೂತನಕ ನಾ ಇರಂಗಿಲ್ಲ. ಹಾಕು."

ಚಾದರವನ್ನು ತೊಡೆಯ ಮೇಲೆ ಹರವಿಕೊಂಡು ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಮುಗಿದ ಮೇಲೆ ಅಪ್ಪ ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ಬೆರಳಾಡಿಸಿದ. ಗಟ್ಟಿ ಬಿದ್ದಿದೆ ಎಂದ. ಬೆರಳು ಅಲ್ಲೇ ಇತ್ತು.

"ಭಾಳ ತಡಾ ಆಯ್ತಲ್ಲವ್ವ?"

"ಹೂಂನಪ್ಪ," ಎಂದೆ. "ಭಾಳ ತಡಾ ಆಯ್ತು."