ತೆಳು ಎಣ್ಣೆ ಮತ್ತು ಆರನೇ ತೋಟಾ

ಭಾಗ್ಯ ಆರನೇ ಗುಂಡು ಹೊಡೆದಳು. ರೈಫಲ್ ಬಾಯಿ ಕಚ್ಚಿಕೊಂಡಿತು.

ನೋಡಿದರೆ ಖಾಲಿ ತೋಟಾ ನಳಿಗೆ ಬುಡದ ಚೇಂಬರ್ ಒಳಗೇ ಕೂತಿದೆ. ಅದನ್ನ ಹಿಡಿದು ಹೊರಗೆ ಎಳೆಯಬೇಕಾದ ಕೊಕ್ಕೆ, ಅಂಚನ್ನ ಮಾತ್ರ ಹರಿದುಕೊಂಡು ಬಂದಿದೆ... ಇಲಿ ಕಡಿದ ಹಪ್ಪಳದ ಹಾಗೆ.

ಎಂಬತ್ತರ ದಶಕದ ಶುರುವಿನ ಮಾತು ಇದು. ಕೋಲಾರದ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಅಂಗಡಿ. ಹೊಲಿಗೆ ಮಷೀನು, ಪಂಪ್‌ಸೆಟ್ಟು, ಜೊತೆಗೆ ಲೈಸೆನ್ಸ್ ಇಟ್ಟುಕೊಂಡು ಕೋವಿ ರಿಪೇರಿ. ಓದಿದ್ದು ಆರನೇ ಕ್ಲಾಸು. ನನ್ನ ಕೈ ಸೋಕಿದ ಕೋವಿ ವಾಪಸ್ ಬರಲ್ಲ ಅಂತ ನಾನೇ ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದೆ.

ಈ ರೈಫಲ್ ಮೂರನೇ ಸಲ ವಾಪಸ್ ಬಂದಿತ್ತು.

ಗೌನಿಪಲ್ಲಿ ಮಾವಿನ ತೋಟದ ಚಿನ್ನಪ್ಪರೆಡ್ಡಿಯವರದು. ಪಾಯಿಂಟ್ ಟೂಟೂ, ಸೆಮಿ ಆಟೊಮ್ಯಾಟಿಕ್. ಒಂದು ಹೊಡೆದರೆ ಖಾಲಿ ತೋಟಾ ತಾನೇ ಹಾರಬೇಕು, ಮುಂದಿನದು ತಾನೇ ಬಂದು ಕೂರಬೇಕು.

ಹೊಡೆಯುವವಳು ಅವರ ಸೊಸೆ ಭಾಗ್ಯ. ಕಾಲೇಜಲ್ಲಿ ಎನ್‌ಸಿಸಿ. ಹೋದ ವರ್ಷ ಕ್ಲಬ್ ಪಂದ್ಯದಲ್ಲಿ ತೋಟಾ ಸಿಕ್ಕಿಕೊಂಡು ಅರ್ಧಕ್ಕೇ ಎದ್ದು ಬಂದಿದ್ದಳು.

"ಈ ಭಾನುವಾರದ ಪಂದ್ಯದಲ್ಲೂ ಹಂಗೇ ಆದ್ರೆ, ಸೋಮವಾರ ಕೋವಿ ಪೊಲೀಸ್ ಸ್ಟೇಷನ್‌ಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಬಿಡ್ತೀನಿ ಮೇಸ್ತ್ರಿ. ಊರೋರು ನಕ್ಕಿದ್ದು ಸಾಕು," ಅಂದರು ರೆಡ್ಡಿಯವರು.

ಭಾಗ್ಯ ಕೋವಿ ತಂದು ನನ್ನ ಮುಂದೆ ಇಟ್ಟಳು.

ಅಲ್ಲೀತನಕ ನಾನು ಕೊಕ್ಕೆ ಉಜ್ಜಿದ್ದೆ, ಸ್ಪ್ರಿಂಗ್ ಬದಲಾಯಿಸಿದ್ದೆ, ಕೊನೆಗೆ ಕೊಕ್ಕೇನೇ ಹೊಸದು ಹಾಕಿದ್ದೆ. ಹರಿದದ್ದು ಕೊಕ್ಕೆ ತಾನೇ, ಕಳ್ಳ ಅದೇ ಅಂತ ನನ್ನ ಲೆಕ್ಕ.

ಆವತ್ತು ಬುದ್ಧಿ ಬಂತು. ಗುಡ್ಡದ ಬುಡದ ಶೂಟಿಂಗ್ ರೇಂಜಲ್ಲಿ ಪೇಪರ್ ಹಾಸಿ, ಖಾಲಿ ತೋಟಾಗಳನ್ನ ಬಿದ್ದ ಕ್ರಮದಲ್ಲೇ ಜೋಡಿಸಿದೆ. ನೋಟ್‌ಬುಕ್ಕಲ್ಲಿ ಒಂದೊಂದಕ್ಕೂ ಒಂದು ಸಾಲು.

ಒಂದರಿಂದ ಮೂರು, ಅಂಚು ನೆಟ್ಟಗಿದೆ. ನಾಲ್ಕು, ಗೀರು. ಐದು, ಬಾಗಿದೆ. ಆರು, ಹರಿದಿದೆ.

ಕೊಕ್ಕೆ ಕೆಟ್ಟಿದ್ದರೆ ಮೊದಲನೇದನ್ನೂ ಹರೀಬೇಕಲ್ಲ? ಅಂದರೆ ಬಿಸಿ ಏರಿದ ಹಾಗೆ ತೋಟಾನ ಒಳಗಿಂದ ಯಾರೋ ಹಿಡಿದುಕೊಳ್ತಿದಾರೆ!

ತೋಟಾ ತುಂಬುವ ಮ್ಯಾಗಜಿನ್ ತೆಗೆದು, ಸಿಕ್ಕಿದ್ದನ್ನ ಬಿಡಿಸಿ, ಕೋವಿ ಖಾಲಿ ಅಂತ ಎರಡು ಸಲ ನೋಡಿ, ಚೇಂಬರ್‌ಗೆ ಬಟ್ಟೆ ತೂರಿಸಿ ತಿರುಗಿಸಿದೆ. ಕಪ್ಪಗೆ, ಬೆಲ್ಲದ ಪಾಕದಂಥದ್ದು ಅಂಟಿಕೊಂಡು ಬಂತು. ಮೂಸಿದರೆ ಹರಳೆಣ್ಣೆ, ಓಮದ ಕಾಳು, ಮತ್ತೇನೋ ಒಂಥರಾ...

"ಇದಕ್ಕೆ ಏನಮ್ಮಾ ಹಚ್ತೀಯಾ?"

"ನೀವೇ ಹೇಳಿದ್ದಲ್ವಾ, ತೇಲು ಎಣ್ಣೆ," ಅಂತ ಭಾಗ್ಯ ಬ್ಯಾಗಿಂದ ಸೀಸೆ ತೆಗೆದು ಕೊಟ್ಟಳು.

ಸೀಸೆ ತಳದಲ್ಲಿ ಕೊಂಡಿ ಎತ್ತಿಕೊಂಡು ಎರಡು ಚೇಳು ಮಲಗಿದಾವೆ.

ಹಿಂದಿನ ವರ್ಷ ಪಂದ್ಯಕ್ಕೆ ಮುಂಚೆ ರೆಡ್ಡಿಯವರಿಗೆ ನಾನು ಹೇಳಿದ್ದು ನೆನಪಾಯ್ತು. "ತೆಳು ಎಣ್ಣೆ ಒಂದೇ ಹನಿ ಹಚ್ಚಿ ಸ್ವಾಮಿ." ಗೌನಿಪಲ್ಲಿ ಕಡೆ ಮನೆಮಾತು ತೆಲುಗು. ತೆಲುಗಲ್ಲಿ ತೇಲು ಅಂದರೆ ಚೇಳು!

"ಹಚ್ಚೋದು ಸುಲಭ ಕಣಯ್ಯಾ, ಹಿಡಿಯೋದು ಕಷ್ಟ," ಅಂದರು ರೆಡ್ಡಿಯವರು. "ತೋಟದ ಕಲ್ಲೆಲ್ಲಾ ಎತ್ತಿದೀನಿ. ಎಡಗೈಗೆ ಒಂದು ಕುಟುಕ್ತು ಕೂಡ. ಆಮೇಲೆ ಹರಳೆಣ್ಣೇಲಿ ಹಾಕಿ ಕಾಯಿಸಿದ್ವಿ."

"ಅಲ್ಲಾ ಸ್ವಾಮಿ, ಒಂಚೂರೂ ಅನುಮಾನ ಬರ್ಲಿಲ್ವಾ?"

"ಬಂತು. ಹೊಲಿಗೆ ಮಷೀನಿಗೂ ಅದೇ ಹಾಕ್ತೀನಿ ಅಂದ್ಯಲ್ಲ... ಕೋಲಾರದಲ್ಲಿ ಈ ನನ್ಮಗನಿಗೆ ಇಷ್ಟೊಂದು ತೇಲು ಎಲ್ಲಿ ಸಿಗ್ತಾವೆ ಅಂತ ಇವಳನ್ನ ಕೇಳ್ದೆ."

ಮೊದಲು ನಕ್ಕಿದ್ದು ಭಾಗ್ಯ. ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನಾನು. ರೆಡ್ಡಿಯವರು ಸ್ವಲ್ಪ ಹೊತ್ತು ಬಿಗಿದುಕೊಂಡು ನಿಂತಿದ್ದರು. ಎಡಗೈ ನೋಡಿಕೊಂಡ ಮೇಲೆ ಅವರಿಗೂ ತಡೆಯೋಕೆ ಆಗಲಿಲ್ಲ.

ಸೀಮೆಎಣ್ಣೆ ಹಾಕಿ ಚೇಂಬರ್ ತೊಳೆದೆ. ಬಟ್ಟೆ ಬಿಳಿ ಬರೋತನಕ ಒರೆಸಿದೆ. ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಹಚ್ಚಿ, ಅದನ್ನೂ ಒರೆಸಿಬಿಟ್ಟೆ.

ಭಾನುವಾರ ಬಂತು. ಎಲ್ಲರೂ ಗುರಿ ಹಲಗೆ ನೋಡ್ತಿದಾರೆ, ನಾನು ನೆಲ ನೋಡ್ತಿದೀನಿ.

ನಾಲ್ಕು... ಐದು... ರೆಡ್ಡಿಯವರು ನನ್ನ ಭುಜ ಹಿಂಡ್ತಿದಾರೆ.

ಆರನೇದು ಟಿಣ್ ಅಂತ ಹಾರಿ ನನ್ನ ಕಾಲ್ಬೆರಳ ಮೇಲೆ ಬಿತ್ತು. ಚುರ್ ಅಂತು. ಅಷ್ಟು ಸುಖವಾಗಿ ನಾನು ಯಾವತ್ತೂ ಸುಟ್ಟುಕೊಂಡಿಲ್ಲ.

ಪಂದ್ಯದ ಇಪ್ಪತ್ತು ತೋಟಾನೂ ಹೊರಗೆ ಬಂತು. ಒಂದೊಂದೂ ಎತ್ತಿ ನೋಡಿದೆ, ಇಪ್ಪತ್ತರ ಅಂಚೂ ನೆಟ್ಟಗಿತ್ತು.

ಭಾಗ್ಯಳಿಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಕೊಳಗ. ಅವಳು ಅದನ್ನ ತಲೆ ಮೇಲೆ ಇಟ್ಟುಕೊಂಡೇ ಬಸ್ ಸ್ಟ್ಯಾಂಡ್‌ವರೆಗೂ ನಡೆದಳು. ಕೋವಿ ಸ್ಟೇಷನ್‌ಗೆ ಹೋಗಲಿಲ್ಲ, ಗೌನಿಪಲ್ಲಿ ಬಸ್ ಹತ್ತಿತು.

"ಮೊದಲನೇ ಬಹುಮಾನಾನೇ ಬರ್ತಿತ್ತು ಮೇಸ್ತ್ರಿ," ಅಂದರು ರೆಡ್ಡಿಯವರು ಕಿಟಕಿಯಿಂದ. "ಎಣ್ಣೆ ಸ್ವಲ್ಪ ತೆಳುವಾಯ್ತು!"

ಸೀಸೆ ನನಗೇ ಬಿಟ್ಟುಹೋದರು. ಮಂಡಿನೋವಿಗೆ ಹಚ್ಚಿದೆ, ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿ ಕೆಲಸ ಮಾಡ್ತು.

ನೀವು ಹೇಳಿದ್ದು ತೆಳು, ಎದುರಿಗಿದ್ದವರಿಗೆ ಕೇಳಿಸಿದ್ದು ತೇಲು... ನಿಮ್ಮ ಜೀವನದಲ್ಲಿ ಹೀಗೆ ಯಾರಾದರೂ ನಿಮ್ಮ ಮಾತು ನಂಬಿ ಚೇಳು ಹುಡುಕುತ್ತಾ ಕಲ್ಲು ಎತ್ತಿದ್ದಾರಾ?