ಬಾನಾ ಕಬಾಸೊ ಅಂಗಳದ ಗರಿಕೆ

ಬೆಳಗಿನ ಐದೂವರೆ. ಲುಕಾಶಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಬಾನಾ ಕಬಾಸೊ ಸೊಂಟದ ಚಿತೆಂಗೆ ಬಟ್ಟೆಯನ್ನು ಬಿಗಿದು ಕಟ್ಟಿ ಮಂಡಿಯೂರಿದ್ದಾರೆ. ಪಕ್ಕದಲ್ಲಿ ನೀರಿನ ಬಕೆಟ್ಟು, ಗೋಣಿಚೀಲದ ತುಂಬ ಗರಿಕೆ. ಬೆರಳಿನಿಂದ ಗುಳಿ ಮಾಡಿ, ಬೇರು ಇಳಿಸಿ, ಅಂಗೈಯಿಂದ ಒತ್ತುತ್ತಾರೆ. ಸಂತೆಗೆ ಹೊರಟ ಹೆಂಗಸರು ಬೇಲಿಯಾಚೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಂಗಳ ಗುಡಿಸಲೆಂದು ಸಂಬಳಕ್ಕಿರುವ ಹೆಂಗಸು ಅದೇ ಅಂಗಳಕ್ಕೆ ಹುಲ್ಲು ನೆಡುವುದನ್ನು ನೋಡಿ ಅರಗಿಸಿಕೊಳ್ಳಲು ಇನ್ನೂ ಕೆಲವರಿಗೆ ಆಗಿಲ್ಲ.

ಬಾನಾ ಕಬಾಸೊ ಅಂದರೆ ಕಬಾಸೊಳ ತಾಯಿ. ಎಸ್ನಾತ್ ಎಂಬ ಸ್ವಂತ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ವಯಸ್ಸು ಐವತ್ತೆರಡು. ಒಂಬತ್ತು ಕೊಠಡಿ, ನಾನೂರ ಮೂವತ್ತು ಮಕ್ಕಳ ಈ ಶಾಲೆಯನ್ನು ಇಪ್ಪತ್ತಾರು ವರ್ಷಗಳಿಂದ ಗುಡಿಸುತ್ತಿದ್ದಾರೆ. ಲುಕಾಶಿಯಲ್ಲಿ ಹೊತ್ತು ಮೂಡುವುದರೊಳಗೆ, ಶಾಲೆಯದಾಗಲಿ ಮನೆಯದಾಗಲಿ, ಅಂಗಳ ಬೋಳಾಗಿರಬೇಕು, ಮಣ್ಣಿನ ಮೇಲೆ ಪೊರಕೆಯ ಗೆರೆ ಕಾಣಬೇಕು. ಒಂದು ಎಸಳು ಹುಲ್ಲಿದ್ದರೂ ಆ ಮನೆಯ ಹೆಂಗಸಿನ ಜೊತೆಗೆ ಅವಳನ್ನು ಹೆತ್ತವಳಿಗೂ ಬೈಗುಳ. ಹೊಸದಾಗಿ ಮದುವೆಯಾದ ಹುಡುಗಿಯರನ್ನು ಅತ್ತೆಯರು ಕರೆತಂದು ಬಾನಾ ಕಬಾಸೊ ಅಂಗಳ ತೋರಿಸುತ್ತಿದ್ದರು. ಈ ನೆಲದ ಮೇಲೆ ನ್ಶಿಮಾ ಮುದ್ದೆ ಇಟ್ಟು ತಿನ್ನಬಹುದು ಎನ್ನುತ್ತಿದ್ದರು.

ತಿನ್ನದೆ ಇದ್ದದ್ದೇ ಪುಣ್ಯ. ಲುಕಾಶಿಯ ಸೀಸದ ಗಣಿ ಮುಚ್ಚಿ ಮೂವತ್ತು ವರ್ಷವಾದರೂ ಅದರ ಕರಿ ಧೂಳು ನೆಲ ಬಿಟ್ಟು ಹೋಗಲಿಲ್ಲ, ಮಕ್ಕಳ ರಕ್ತವನ್ನೂ ಬಿಡಲಿಲ್ಲ. ಆರು ವರ್ಷದ ಹಿಂದೆ ದೂರದಿಂದ ಲಾರಿಗಳಲ್ಲಿ ಒಳ್ಳೆಯ ಕೆಂಪು ಮಣ್ಣು ಬಂತು. ಶಾಲೆಗೂ ಮನೆಗಳಿಗೂ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದರು. ಊರವರೆಲ್ಲ ಡೋಲು ಬಾರಿಸಿ ಕುಣಿದೆವು. ವಿಷ ಹೂತುಹೋಯಿತು ಎಂದು ನಾವೆಲ್ಲ ನಂಬಿದ ಆ ವರ್ಷವೇ ಬಾನಾ ಕಬಾಸೊಗೆ ಮೊಮ್ಮಗಳು ಸಂಪಾ ಹುಟ್ಟಿದಳು.

ಕಳೆದ ಬೇಸಿಗೆಯಲ್ಲಿ ಕಾಲೇಜಿನಿಂದ ಎಂಟು ವಿದ್ಯಾರ್ಥಿಗಳು ಬಂದರು. ಹೊದಿಸಿದ ಮಣ್ಣು ಎಷ್ಟು ಕಾಲ ಬಾಳುತ್ತದೆ ಎಂದು ಅಂಗಳ ಅಂಗಳಕ್ಕೂ ಗುಳಿ ತೋಡಿ, ಅಳತೆಪಟ್ಟಿ ಇಟ್ಟು ನೋಡುವುದು ಅವರ ಕೆಲಸ. ಮೊದಲ ಗುಳಿ ಬಾ ಙಾಂಡು ಅವರ ಅಂಗಳದ್ದು. ಒಂಟಿ ಮನುಷ್ಯ, ಮೊಣಕಾಲುದ್ದ ಹುಲ್ಲು, ಮನೆಯಲ್ಲಿ ಪೊರಕೆ ಇದೆಯೋ ಇಲ್ಲವೋ ಅವರಿಗೇ ಅನುಮಾನ. ಅಲ್ಲಿ ಕೆಂಪು ಮಣ್ಣು ನಾಲ್ಕು ಬೆರಳಿಗೆ ನಾಲ್ಕು ಬೆರಳು ಹಾಗೇ ಇತ್ತು.

ಮಾರನೆಯ ದಿನ ಬಾನಾ ಕಬಾಸೊ ಮನೆ. ಅತಿಥಿಗಳು ಬರುತ್ತಾರೆಂದು ಅಂಗಳವನ್ನು ಎರಡು ಸಲ ಗುಡಿಸಿ ಕಾದಿದ್ದರು. ಅವರ ಮನೆಯಲ್ಲೇ ಉಳಿದುಕೊಂಡಿದ್ದ ಲುಯಾಂಡೊ ಎಂಬ ವಿದ್ಯಾರ್ಥಿನಿ ಗುಳಿ ತೋಡಿದಳು. ಮೇಲಿನಿಂದಲೇ ಕಪ್ಪು. ಇನ್ನೊಂದು ಕಡೆ ತೋಡಿದಳು, ಅಲ್ಲೂ ಕಪ್ಪು.

“ಮಾಯೊ, ಅಮ್ಮಾ, ಕೆಂಪು ಮಣ್ಣೆಲ್ಲಿ ಹೋಯ್ತು?”

“ಅಗೋ, ಬೇಲಿ ಪಕ್ಕ ಗುಡ್ಡೆ ಕಾಣ್ಸಲ್ವಾ ಮಗಳೇ? ಐದು ವರ್ಷದಿಂದ ಗುಡಿಸಿದ್ದೆಲ್ಲ ಅಲ್ಲಿಗೇ ಹಾಕೋದು.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನು ಎಂಬುದು ಅವರ ಕಿವಿಗೇ ಬಿತ್ತು. ಅಲ್ಲಿಂದ ಶಾಲೆಗೆ ಓಡಿ, ಒಂದನೇ ತರಗತಿಯ ಬಾಗಿಲ ಮುಂದೆ ತಾವೇ ಉಗುರಿನಲ್ಲಿ ಕೆದರಿದರು. ಚಿಕ್ಕ ಮಕ್ಕಳು ಕೂರುವ ಜಾಗವೆಂದು ದಿನಕ್ಕೆ ಎರಡು ಬಾರಿ ಗುಡಿಸುತ್ತಿದ್ದ ಜಾಗ. ಒಂದು ಚಿಟಿಕೆ ಕೆಂಪು ಮಣ್ಣೂ ಅಲ್ಲಿ ಉಳಿದಿರಲಿಲ್ಲ.

ಆ ವಾರ ಆಸ್ಪತ್ರೆಯಲ್ಲಿ ಸಂಪಾಳ ರಕ್ತ ನೋಡಿದರು. ಸೀಸ ನಲವತ್ತಾರು. ಐದು ದಾಟಬಾರದಂತೆ. ಔಷಧಿ ಕೊಟ್ಟ ನರ್ಸ್, ಅಂಗಳ ಸರಿಹೋಗದಿದ್ದರೆ ಇದರಿಂದ ಏನೂ ಆಗದು ಎಂದಳು. ಸಂಪಾಳ ತಾಯಿ ಕಬಾಸೊ ಆಸ್ಪತ್ರೆಯಿಂದ ಮನೆಗೆ ಬಂದು ಒಲೆ ಹಚ್ಚಿದಳು. “ಬೈದಿದ್ರೆ ತಡ್ಕೋತಿದ್ದೆ,” ಎನ್ನುತ್ತಾರೆ ಬಾನಾ ಕಬಾಸೊ, “ಅವಳು ಬಂದು ನನ್ ತಟ್ಟೆಗೆ ಊಟ ಬಡಿಸಿದ್ಲು.”

ಪೊರಕೆ ಎತ್ತಿ ಮಾಡಿನ ಮೇಲೆಸೆದರು. ಮೂರನೆಯ ದಿನಕ್ಕೆ ಅಂಗಳದ ತುಂಬ ಮಾವಿನ ಎಲೆ. ನಮ್ಮಲ್ಲಿ ಸಾವಾದ ಮನೆಯ ಅಂಗಳವನ್ನಷ್ಟೇ ಗುಡಿಸದೆ ಬಿಡುವುದು. ಅದೂ ಬಾನಾ ಕಬಾಸೊ ಅಂಗಳ! ಹೆಂಗಸರು ಬೋಗುಣಿಯಲ್ಲಿ ಜೋಳದ ಹಿಟ್ಟು ಹೊತ್ತು, ತಲೆಗೆ ಬಟ್ಟೆ ಕಟ್ಟಿ, ದಾರಿಯಿಂದಲೇ ಅಳುತ್ತ ಬಂದರು. ಬಾ ಙಾಂಡು ಕೂಡ ಟೋಪಿ ತೆಗೆದು ಹಿಂದೆ ನಿಂತರು.

“ಯಾರೂ ಸತ್ತಿಲ್ಲ,” ಎಂದರು ಬಾನಾ ಕಬಾಸೊ. “ನಾನು ಗುಡಿಸ್ತಾನೇ ಇದ್ದಿದ್ರೆ ಈ ಅಳು ಬೇಕಾಗ್ತಿತ್ತೇನೋ. ಕೂತ್ಕೊಳ್ಳಿ, ಹೇಳ್ತೀನಿ.”

ಮೊದಲು ಯಾರೂ ನಂಬಲಿಲ್ಲ. ಗುಳಿ ತೋರಿಸಿದರು. ಹೆಂಗಸರು ಅಳು ನಿಲ್ಲಿಸಿ, ಹಿಟ್ಟಿನ ಬೋಗುಣಿಗಳನ್ನು ಅಲ್ಲೇ ಬಿಟ್ಟು, ತಮ್ಮ ತಮ್ಮ ಅಂಗಳ ಅಗೆಯಲು ಓಡಿದರು. ಅಲ್ಲೆಲ್ಲ ಕಪ್ಪೇ. ಮಗುವಿಗೆ ಹೊದಿಸಿದ ಕಂಬಳಿಯನ್ನು ನಮ್ಮ ಕೈಯಾರೆ, ದಿನಕ್ಕಿಷ್ಟು ಎಂದು, ಎಳೆದುಹಾಕಿದ್ದೆವು. ಅದೂ ಮರ್ಯಾದೆಗೆ ಹೆದರಿ. ಆ ಸಂಜೆ ಲುಕಾಶಿಯಲ್ಲಿ ಒಂದು ಮನೆಯಲ್ಲೂ ರೇಡಿಯೋ ಹಾಡಲಿಲ್ಲ.

ಬೇಲಿ ಪಕ್ಕದ ಗುಡ್ಡೆಗೆ ಕಪ್ಪೂ ಬೆರೆತಿದ್ದರಿಂದ ಅದು ಕೆಲಸಕ್ಕೆ ಬರಲಿಲ್ಲ. ವಿದ್ಯಾರ್ಥಿಗಳ ವರದಿ ಹಿಡಿದು ಮುಖ್ಯೋಪಾಧ್ಯಾಯರು ಅಲೆದಾಡಿದ ಮೇಲೆ ಮತ್ತೆ ಲಾರಿ ಬಂತು. ಈ ಸಲ ಮಣ್ಣನ್ನು ಹಿಡಿದು ನಿಲ್ಲಿಸಲು ಹುಲ್ಲು ಬೇಕು. ಗರಿಕೆ ಇದ್ದದ್ದು ಒಂದೇ ಅಂಗಳದಲ್ಲಿ.

“ಹದಿನೈದು ವರ್ಷ ಸೋಮಾರಿ ಅಂತ ಬೈದ್ರಿ,” ಎಂದರಂತೆ ಬಾ ಙಾಂಡು. “ಈಗ ಚೀಲ ಹಿಡ್ಕೊಂಡು ಬಂದ್ರಾ? ಕಿತ್ಕೊಳ್ಳಿ, ನಂಗೂ ಬಗ್ಗೋ ಕೆಲಸ ತಪ್ತು.”

ಬಾನಾ ಕಬಾಸೊಗೆ ಈಗ ದಿನವೂ ಬೆಳಗ್ಗೆ ಹದಿನಾಲ್ಕು ಬಕೆಟ್ ನೀರು, ಅರವತ್ತು ಬುಡ ಗರಿಕೆ. ಕೊಠಡಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಸೊಂಟ ನೋಯುತ್ತದೆ, ಹೇಳಿಕೊಳ್ಳುವುದಿಲ್ಲ. ಎರಡು ತಿಂಗಳಿಗೊಮ್ಮೆ ಲುಯಾಂಡೊ ಬಸ್ಸು ಹಿಡಿದು ಬಂದು ಗುಳಿ ತೋಡುತ್ತಾಳೆ. ಅಳತೆಪಟ್ಟಿ ಇಳಿಯುವಾಗ ಬಾನಾ ಕಬಾಸೊ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೊನ್ನೆಯ ಅಳತೆ ನಾಲ್ಕು ಬೆರಳು. ಸಂಪಾಳ ರಕ್ತದಲ್ಲಿ ಇಪ್ಪತ್ತೊಂಬತ್ತು. ಇನ್ನೂ ಬಹಳ ಇಳಿಯಬೇಕು. ಜನವರಿಗೆ ಅವಳು ಒಂದನೇ ತರಗತಿ.

ಆ ತರಗತಿಯ ಬಾಗಿಲ ಮುಂದೆ ಮಾತ್ರ ಗರಿಕೆ ಇನ್ನೂ ಸರಿಯಾಗಿ ಹತ್ತಿಲ್ಲ. ಬಾನಾ ಕಬಾಸೊ ಅಲ್ಲಿಗೇ ಮತ್ತೆ ಮತ್ತೆ ಹೋಗಿ ಕೂರುತ್ತಾರೆ. ಏನು ಬೇಕು ನಿಮಗೆ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತ ನಾಚುತ್ತಾರೆ.

“ಇಪ್ಪತ್ತಾರು ವರ್ಷ ನನ್ ಅಂಗಳ ನೋಡಿ ಎಲ್ರೂ ಹೊಗಳಿದ್ರು. ನನ್ ಮೊಮ್ಮಗಳು ಶಾಲೆಗೆ ಬರೋ ದಿನ ಯಾರಾದ್ರೂ ಇಲ್ಲಿ ನಿಂತು, ‘ಥೂ, ಏನ್ ಹುಲ್ಲು ಬೆಳೆಸಿದಾಳೆ ಇವ್ಳು’ ಅನ್ಬೇಕು. ಅದೊಂದ್ ಮಾತು ಕೇಳ್ಬೇಕು ನಂಗೆ.”