ಶಲಬಿಯ್ಯಾಳ ಅಂಕಿಗಳು

ಇನ್‌ಸಾಫ್ ಕಂಪ್ಯೂಟರ್ ಕಲಿಯಲು ಕೆನಾ ಪಟ್ಟಣಕ್ಕೆ ಹೊರಟಾಗ ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ತಂದೆಯಿಲ್ಲದ ಹುಡುಗಿಯನ್ನು ಒಬ್ಬಳೇ ಕಳಿಸುತ್ತಾನಲ್ಲ, ಈ ಬಶಂದಿಗೆ ತಲೆ ನೆಟ್ಟಗಿದೆಯೇ ಎಂದರು. ಅವಳನ್ನು ಸಾಕಿದ ಚಿಕ್ಕಪ್ಪ ಬಶಂದಿ ಯಾರಿಗೂ ಸೊಪ್ಪು ಹಾಕಲಿಲ್ಲ. ಮುಂದೆ ನೈಲ್ ದಂಡೆಯ ನಮ್ಮ ಆಸ್ಪತ್ರೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂತವಳು ಇವಳೇ. ಆಗಿನ್ನೂ ಆಳಿಗೊಂದು ಸರ್ಕಾರಿ ಸಂಖ್ಯೆ ನಮ್ಮ ಕಡೆಗೆ ಬಂದಿರಲಿಲ್ಲ.

ಬಂದದ್ದು ಫಜೀತಿ. ನಮ್ಮಲ್ಲಿ ಗಂಡುಮಕ್ಕಳಲ್ಲಿ ಒಬ್ಬನಿಗೆ ತಾತನ ಹೆಸರು ಇಡಲೇಬೇಕು, ಅದರ ಹಿಂದೆ ಅಪ್ಪನದೂ ತಾತನದೂ ಸೇರಬೇಕು. ಹೀಗಾಗಿ ಊರಲ್ಲಿ ಬಶಂದಿ ಖಲಫ್ ಬಶಂದಿ ಎಂಬ ಗಂಡಸರು ಐವರು! ಜನಕ್ಕೆ ಅವರು ಕತ್ತೆ ಬಶಂದಿ, ಮಿಲ್ಲಿನ ಬಶಂದಿ, ಬೋಳು ಬಶಂದಿ. ಯಂತ್ರಕ್ಕೆ ಮಾತ್ರ ಐವರೂ ಒಬ್ಬನೇ. ಅದರ ಲೆಕ್ಕ ನೋಡಿ ಪಟ್ಟಣದವರು ಒಬ್ಬನಿಗಾಗುವಷ್ಟೇ ಇನ್ಸುಲಿನ್ ಕಳಿಸಿದರು. ಸಕ್ಕರೆ ಕಾಯಿಲೆ ಇದ್ದದ್ದು ಇಬ್ಬರಿಗೆ, ಮಿಲ್ಲಿನ ಬಶಂದಿಗೆ ಮತ್ತು ಐವರಲ್ಲೇ ಒಬ್ಬನಾದ ಚಿಕ್ಕಪ್ಪನಿಗೆ. ಮಿಲ್ಲಿನ ಬಶಂದಿ ಮೊದಲು ಬಂದು ಒಯ್ದ, ಚಿಕ್ಕಪ್ಪ ಬರಿಗೈಲಿ ಮನೆಗೆ ಬಂದ. ಮಿಲ್ಲಿನವನು ಪಾಪ, ತನ್ನದರಲ್ಲೇ ಒಂದಿಷ್ಟು ಕೊಟ್ಟ. ಅದು ಯಾವ ಮೂಲೆಗೂ ಸಾಲದು. ಚಿಕ್ಕಪ್ಪ ಗೋಡೆ ಹಿಡಿದು ನಡೆಯತೊಡಗಿದ. ಗುರುವಾರ ಔಷಧದ ವ್ಯಾನು ಮುಂದಿನ ಪಟ್ಟಿ ಒಯ್ಯಲು ಬರುವಷ್ಟರಲ್ಲಿ ಐವರನ್ನೂ ಯಂತ್ರದಲ್ಲಿ ಬೇರೆ ಮಾಡದಿದ್ದರೆ ಮುಂದಿನ ತಿಂಗಳೂ ಅವನಿಗೆ ಮದ್ದಿಲ್ಲ.

"ಒಂದು, ಎರಡು, ಮೂರು ಅಂತ ನಂಬರ್ ಕೊಟ್ಬಿಡಮ್ಮ," ಎಂದರು ಕೈರೋದಿಂದ ಬಂದಿದ್ದ ಡಾಕ್ಟರು.

ಕೊಟ್ಟು ನೋಡಿದಳು. ಆಸ್ಪತ್ರೆ ಅಂಗಳದಲ್ಲಿ ದೊಣ್ಣೆಗಳು ಮೇಲೆದ್ದವು.

"ನಾನು ಐದನೆಯವನಾ? ಈ ಬೋಳನಿಗಿಂತ ಕೆಳಗಾ?" ಎಂದು ಕತ್ತೆ ಬಶಂದಿ ಎಗರಾಡಿದ.

"ನಿನ್ನ ಕತ್ತೆಗೆ ಕೊಡ್ಲಿ ಬಿಡು ಒಂದನೇ ನಂಬರು!" ಎಂದ ಬೋಳು ಬಶಂದಿ.

ಇನ್‌ಸಾಫ್ ಯೋಚಿಸಿದಳು. ಹಿಂದು ಮುಂದು ಎಂಬುದೇ ಇಲ್ಲದ ಗುರುತು ಬೇಕು. ಐವರಿಗೂ ಬೇರೆಬೇರೆಯಾಗಿದ್ದದ್ದು ಒಂದೇ, ತಾಯಿಯ ಹೆಸರು. ಆದರೆ ನಮ್ಮ ಗಂಡಸರು ಪ್ರಾಣ ಬಿಟ್ಟಾರು, ನಾಲ್ಕು ಜನರೆದುರು ಬಾಯಿಬಿಟ್ಟು ತಾಯಿಯ ಹೆಸರು ಹೇಳರು. ಕೇಳಿದವರು ನಗುತ್ತಾರೆ, ಇಲ್ಲವೇ ಆ ಹೆಸರು ಹಿಡಿದು ಮಾಟ ಮಾಡಿಸುತ್ತಾರೆ ಎಂಬ ಭಯ.

ಬುಧವಾರ ಐವರನ್ನೂ ಕರೆಸಿದಳು. "ತಾಯಿ ಹೆಸರು ನನ್ನ ಕಿವಿಯಲ್ಲಿ ಹೇಳಿ ಸಾಕು. ಒಂದೊಂದು ಅಕ್ಷರಕ್ಕೂ ಎರಡೆರಡು ಅಂಕಿ ಇಟ್ಟಿದ್ದೀನಿ. ಆಸ್ಪತ್ರೆ ಕಾರ್ಡಿನಲ್ಲಿ ಬರೀ ಅಂಕಿ ಇರುತ್ತೆ, ನೋಡಿದವರಿಗೆ ತಲೆಬುಡ ತಿಳಿಯಲ್ಲ."

ಮಿಲ್ಲಿನವನು ತನ್ನ ಚಪ್ಪಲಿ ನೋಡುತ್ತ ನಿಂತ. ಬಾಗಿಲಲ್ಲಿ ನಿಂತ ಜನ ಆಗಲೇ ಕಿಸಕ್ಕೆನ್ನುತ್ತಿದ್ದರು.

ಆಗ ಚಿಕ್ಕಪ್ಪ ಬೆಂಚಿನಿಂದ ಎದ್ದ. ದೊಣ್ಣೆ ನೆಲಕ್ಕೆ ಕುಟ್ಟಿ, ಕಿವಿಯಲ್ಲಲ್ಲ, ಆಚೆ ದಡಕ್ಕೂ ಕೇಳುವಂತೆ ಕೂಗಿದ.

"ನಾನು ಶಲಬಿಯ್ಯಾ ಮಗ! ಬರ್ಕೋ ಮಗಳೇ. ನಮ್ಮವ್ವ ಶಲಬಿಯ್ಯಾ, ಕಬ್ಬಿನ ಗದ್ದೇಲಿ ಕೂಲಿ ಮಾಡಿ ನನ್ನ ಸಾಕಿದೋಳು. ನಗೋರು ಮುಂದೆ ಬನ್ರೋ, ನೋಡೇಬಿಡೋಣ!"

ಒಬ್ಬನೂ ನಗಲಿಲ್ಲ. ಮಿಲ್ಲಿನ ಬಶಂದಿ ಗಂಟಲು ಸರಿಮಾಡಿಕೊಂಡ. "ನಾನು ಹಮಾಮಾ ಮಗ," ಎಂದ. ಬೋಳನ ತಾಯಿ ಸಿತ್ತುಹುಮ್ ಎಂದು ಗೊತ್ತಾಯಿತು. ಕತ್ತೆ ಬಶಂದಿಯಂತೂ ಹೆಸರು ಹೇಳುತ್ತಲೇ ಗೊಳೋ ಎಂದು ಅತ್ತುಬಿಟ್ಟ. ಉಳಿದೊಬ್ಬನೂ ಹೇಳಿದ. ಇನ್‌ಸಾಫ್‌ಳ ಬೆರಳುಗಳು ಕೀಲಿಗಳ ಮೇಲೆ ಓಡಿದವು, ಪರದೆಯ ಮೇಲೆ ಒಬ್ಬ ಬಶಂದಿ ಐವರಾದರು. ಹೊರಗೆ ಹೆಂಗಸರು ಮದುವೆಮನೆಯಂತೆ ನಾಲಿಗೆಯಾಡಿಸಿ ಕೇಕೆ ಹಾಕಿದರು. ಮರುದಿನ ವ್ಯಾನಿನಲ್ಲಿ ಹೋದ ಪಟ್ಟಿಯಲ್ಲಿ ಐದು ಹೆಸರಿದ್ದವು, ಮುಂದಿನ ವ್ಯಾನಿನಲ್ಲಿ ಇಬ್ಬರಿಗಾಗುವಷ್ಟು ಇನ್ಸುಲಿನ್ ಬಂತು.

ಚಿಕ್ಕಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದ್ರಲ್ಲಿ ಅವ್ವ ಎಲ್ಲವಳೆ?"

ಇನ್‌ಸಾಫ್ ಅರಬ್ಬಿಯಲ್ಲಿ ಐದಕ್ಷರವಾಗುವ ಶಲಬಿಯ್ಯಾಳ ಹತ್ತು ಅಂಕಿಗಳ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಕಾರ್ಡಿಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ.

ಬಶಂದಿ ಆಮೇಲೂ ಬಹುಕಾಲ ಬಾಳಿದ. ಹಜ್‌ನಿಂದ ಬಂದಾಗ ವಾಡಿಕೆಯಂತೆ ಮನೆಗೋಡೆಗೆ ಹಡಗು, ಕಾಬಾ ಬರೆಸಿದ. ಪಕ್ಕದಲ್ಲಿ, ಅವನ್ನೂ ಮೀರಿಸುವಷ್ಟು ದೊಡ್ಡದಾಗಿ, ಹಸಿರು ಬಣ್ಣದಲ್ಲಿ ಆ ಹತ್ತು ಅಂಕಿಗಳನ್ನು ಬರೆಸಿದ. ಬಸ್ಸಿನಲ್ಲಿ ಹೋಗುವ ಪರಊರಿನವರು ಅದನ್ನು ಫೋನ್ ನಂಬರು ಅಂದುಕೊಳ್ಳುತ್ತಾರೆ. ಊರಿನ ಮಕ್ಕಳು ಮಾತ್ರ ಅದನ್ನು ಶಲಬಿಯ್ಯಾ ಎಂದೇ ಓದುತ್ತಾರೆ.